ಶಕ್ತಿನಗರದ ಘಟಕಗಳು ನಿಲ್ಲುವುದು ಯಂತ್ರ ತಯಾರಿಸಿದವರ ತಪ್ಪೇ?

ಪ್ರಶ್ನೆ: ನನ್ನ ತಂದೆಯವರು ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಬಿಎಚ್‌ಇಎಲ್‌ನ (ವಿದ್ಯುತ್ ಕೇಂದ್ರಗಳಿಗೆ ಯಂತ್ರ ತಯಾರಿಸುವ ಕೇಂದ್ರ ಸರ್ಕಾರದ ಕಂಪನಿ) ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಪ್ರತಿ ಬೇಸಿಗೆಯಲ್ಲೂ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಒಂದೆರಡು ಘಟಕಗಳು ‘ತಾಂತ್ರಿಕ ದೋಷದಿಂದ ಸ್ಥಗಿತ’ ಎಂಬ ಸುದ್ದಿ ಬರುತ್ತದೆ. ಈಚೆಗೆ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ನಮ್ಮ ಭಾವನವರು, “ಸರ್ಕಾರಿ ಕಂಪನಿ ಮಾಡಿದ ಯಂತ್ರ ಅಂದಮೇಲೆ ಇನ್ನೇನಾಗುತ್ತೆ? ಉಡುಪಿಯಲ್ಲಿ ಚೀನಾದ ಯಂತ್ರ ಹಾಕಿದ್ದಾರೆ, ಅದನ್ನು ನೋಡಿ” ಎಂದರು. ಅಪ್ಪ ಏನೂ ಹೇಳದೆ ಎದ್ದು ಹೋದರು. ಈ ಯಂತ್ರಗಳು ನಿಜಕ್ಕೂ ಕಳಪೆಯೇ? ನಲವತ್ತು ವರ್ಷ ಹಳೆಯ ಘಟಕಗಳನ್ನು ಮತ್ತೆ ಮತ್ತೆ ರಿಪೇರಿ ಮಾಡುವುದಕ್ಕಿಂತ ಮುಚ್ಚಿ, ಸೋಲಾರ್ ಹಾಕಿದರೆ ಆಗದೇ? ಸುದ್ದಿಯಲ್ಲಿ ಬರುವ ‘ತಾಂತ್ರಿಕ ದೋಷ’ ಎಂದರೇನು ಎಂಬುದನ್ನು ನಮ್ಮಂಥವರು ತಿಳಿಯುವುದು ಹೇಗೆ?
— ಓದುಗರೊಬ್ಬರು, ನಾಗರಭಾವಿ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಯಂತ್ರದ ಗುಣಮಟ್ಟದ ಪ್ರಶ್ನೆ ಒಂದು, ಹಳೆಯ ಘಟಕಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಇನ್ನೊಂದು, ಸುದ್ದಿಯನ್ನು ಓದುವ ಬಗೆ ಮೂರನೆಯದು. ನಾನು ವೃತ್ತಿಯ ಬಹುಪಾಲನ್ನು ಶಾಖೋತ್ಪನ್ನ ಕೇಂದ್ರಗಳ ಬಾಯ್ಲರ್ ನಿರ್ವಹಣೆಯಲ್ಲೇ ಕಳೆದವನು. ಯಂತ್ರ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡಿದವನಲ್ಲ. ಆ ಯಂತ್ರಗಳನ್ನು ಓಡಿಸಿ, ಕೆಟ್ಟಾಗ ಒಳಹೊಕ್ಕು ನೋಡಿದವನು. ಆದ್ದರಿಂದ ಕಂಪನಿಯ ಪರವಾಗಿಯೋ ವಿರುದ್ಧವಾಗಿಯೋ ವಾದಿಸುವ ಅಗತ್ಯ ನನಗಿಲ್ಲ. ಘಟಕವೊಂದು ಏಕೆ ನಿಂತಿತು ಎಂಬುದನ್ನು ಅದರ ಮೇಲಿನ ಕಂಪನಿಯ ಹೆಸರು ಹೇಳುವುದಿಲ್ಲ, ಒಡೆದ ಭಾಗ ಹೇಳುತ್ತದೆ ಎಂಬುದು ಈ ಕೆಲಸದಲ್ಲಿ ನಾನು ಕಲಿತ ಪಾಠ.

ಮೊದಲು ‘ಸ್ಥಗಿತ’ ಎಂಬ ಮಾತನ್ನು ಬಿಡಿಸಿ ನೋಡೋಣ. ಕೇಂದ್ರವೊಂದರ ಎಂಟು ಘಟಕಗಳಲ್ಲಿ ಮೂರು ನಿಂತಿವೆ ಎಂಬ ಸುದ್ದಿ ಬಂದರೆ ಮೂರೂ ಕೆಟ್ಟಿವೆ ಎಂದು ತಿಳಿಯಬೇಕಾಗಿಲ್ಲ. ಒಂದು ವಾರ್ಷಿಕ ಓವರ್‌ಹಾಲ್‌ಗೆಂದು, ಅಂದರೆ ಬಿಚ್ಚಿ ನೋಡಿ ಸರಿಪಡಿಸುವ ಕೆಲಸಕ್ಕೆಂದು, ಮೊದಲೇ ನಿಗದಿಯಾದ ದಿನಾಂಕದಂದು ನಿಂತಿರಬಹುದು. ಇನ್ನೊಂದನ್ನು, ಬೇಡಿಕೆ ಇಲ್ಲವೆಂದು ಯಾವ ಘಟಕ ಎಷ್ಟು ಓಡಬೇಕೆಂದು ಹೇಳುವ ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರವೇ ನಿಲ್ಲಿಸಲು ಹೇಳಿರಬಹುದು. ಮಳೆಗಾಲದಲ್ಲಿ ಶರಾವತಿ, ವಾರಾಹಿಯ ಜಲವಿದ್ಯುತ್ತೂ ಗಾಳಿಯ ವಿದ್ಯುತ್ತೂ ಕೈತುಂಬ ಸಿಗುವಾಗ ಹೀಗಾಗುವುದು ಸಾಮಾನ್ಯ. ಕಲ್ಲಿದ್ದಲಿನ ದಾಸ್ತಾನು ಕರಗಿ ನಿಲ್ಲಿಸಿದ್ದೂ ಉಂಟು. ನಿಜವಾಗಿ ಕೆಟ್ಟು ನಿಂತದ್ದು ಒಂದೇ ಇರಬಹುದು. ಎಲ್ಲಕ್ಕೂ ‘ತಾಂತ್ರಿಕ ದೋಷ’ ಎಂಬ ಒಂದೇ ಪದ ಬಳಸಿದಾಗ ಓದುಗರಿಗೆ ಯಂತ್ರವೇ ಸರಿಯಿಲ್ಲ ಅನ್ನಿಸುವುದು ಸಹಜ.

ಇನ್ನು ಯಂತ್ರದ ವಿಚಾರ. ಶಕ್ತಿನಗರದಲ್ಲಿ 210 ಮೆಗಾವಾಟ್‌ನ ಏಳು ಮತ್ತು 250 ಮೆಗಾವಾಟ್‌ನ ಒಂದು, ಒಟ್ಟು 1,720 ಮೆಗಾವಾಟ್‌ನ ಘಟಕಗಳಿವೆ. ಮೊದಲನೆಯದು 1985ರಲ್ಲಿ, ಎರಡನೆಯದು 1986ರಲ್ಲಿ ಆರಂಭವಾದವು. ಎಂಟನೆಯದು ಬಂದದ್ದು 2010ರಲ್ಲಿ. ಇಂಥ ಘಟಕವೊಂದರ ಭಾಗಗಳು ಬಿಎಚ್‌ಇಎಲ್‌ನ ಒಂದೇ ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ. ಬಾಯ್ಲರ್ ತಿರುಚಿರಾಪಳ್ಳಿಯದು, ಹಬೆಯಿಂದ ತಿರುಗುವ ಟರ್ಬೈನ್ ಮತ್ತು ವಿದ್ಯುತ್ ಹುಟ್ಟಿಸುವ ಜನರೇಟರ್ ಹರಿದ್ವಾರದ್ದು, ಕಲ್ಲಿದ್ದಲು ಪುಡಿಮಾಡುವ ಮಿಲ್ಲು ಹೈದರಾಬಾದಿನದು, ದೊಡ್ಡ ಫ್ಯಾನುಗಳು ಮತ್ತು ಹೊಗೆಯಲ್ಲಿನ ಬೂದಿ ಹಿಡಿಯುವ ಸಾಧನ ರಾಣಿಪೇಟೆಯವು. ನಿಮ್ಮ ತಂದೆಯವರು ದುಡಿದ ಮೈಸೂರು ರಸ್ತೆಯ ವಿಭಾಗದಿಂದ ಬರುವುದು ನಿಯಂತ್ರಣ ವ್ಯವಸ್ಥೆಗಳು. ಸಾವಿರಾರು ಕಡೆಯ ಉಷ್ಣತೆ, ಒತ್ತಡ, ಕಂಪನಗಳನ್ನು ಸದಾ ನೋಡುತ್ತಿದ್ದು, ಅಪಾಯ ಕಂಡಾಗ ಘಟಕವನ್ನು ತಾನಾಗಿ ನಿಲ್ಲಿಸುವ ಮೆದುಳು ಅದು. ಘಟಕ ‘ಟ್ರಿಪ್’ ಆಯಿತು ಎಂದರೆ ಬಹಳಷ್ಟು ಸಲ ಆ ವ್ಯವಸ್ಥೆ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ ಎಂದೇ ಅರ್ಥ. ಟ್ರಿಪ್ ಆಗಬೇಕಾದಾಗ ಆಗದಿದ್ದರೆ ಬರುವ ಅನಾಹುತ, ನಾಲ್ಕು ದಿನ ವಿದ್ಯುತ್ ಇಲ್ಲದಿರುವುದಕ್ಕಿಂತ ಎಷ್ಟೋ ದೊಡ್ಡದು.

ಹಾಗಾದರೆ ಒಡೆಯುವುದು ಯಾವುದು? ನಮ್ಮ ದೇಶದ ಕಲ್ಲಿದ್ದಲು ಘಟಕಗಳು ಅನಿರೀಕ್ಷಿತವಾಗಿ ನಿಲ್ಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಬಾಯ್ಲರ್ ಟ್ಯೂಬ್ ಸೋರಿಕೆ. ಬಾಯ್ಲರ್ ಎಂದರೆ ಕೊಳವೆಗಳ ಗೋಡೆಗಳಿಂದಲೇ ಕಟ್ಟಿದ, ಹಲವು ಅಂತಸ್ತುಗಳಷ್ಟು ಎತ್ತರದ ಕುಲುಮೆ. ಕೊಳವೆಯ ಒಳಗೆ ನೀರು ಮತ್ತು ಹಬೆ, ಹೊರಗೆ ಬೆಂಕಿ ಮತ್ತು ಬಿಸಿ ಹೊಗೆ. 210 ಮೆಗಾವಾಟ್ ಘಟಕದ ಹಬೆಯ ಉಷ್ಣತೆ 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಒತ್ತಡ ವಾತಾವರಣದ ಒತ್ತಡಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಆ ಸಾವಿರಾರು ಕೊಳವೆಗಳಲ್ಲಿ ಒಂದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಅಲ್ಲಿಂದ ಚಿಮ್ಮುವ ಹಬೆ ಅಕ್ಕಪಕ್ಕದ ಕೊಳವೆಗಳನ್ನು ಕೊರೆಯುತ್ತದೆ. ಘಟಕವನ್ನು ನಿಲ್ಲಿಸಿ, ಬಾಯ್ಲರ್ ತಣಿಸಿ, ಒಳಗೆ ಅಟ್ಟಣಿಗೆ ಕಟ್ಟಿ, ಕೆಟ್ಟ ತುಂಡನ್ನು ಕತ್ತರಿಸಿ ಹೊಸದನ್ನು ಬೆಸೆದು, ಬೆಸುಗೆಯನ್ನು ಎಕ್ಸ್‌ರೇಯಿಂದ ನೋಡಿ, ನೀರಿನ ಒತ್ತಡದಲ್ಲಿ ಪರೀಕ್ಷಿಸಿ ಮತ್ತೆ ಬೆಂಕಿ ಹಚ್ಚುವ ಹೊತ್ತಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಕಳೆದಿರುತ್ತವೆ. ಬೇಸಿಗೆಯಲ್ಲಿ ವಿದ್ಯುತ್ತಿನ ಅಭಾವವಿರುವಾಗ, ಸಣ್ಣ ಸೋರಿಕೆಯ ಸದ್ದು ಕೇಳಿಸಿದರೂ “ಇನ್ನೆರಡು ದಿನ ಓಡಿಸಿ” ಎಂಬ ಒತ್ತಡ ಬರುತ್ತದೆ. ಹಾಗೆ ಓಡಿಸಿದಾಗ ಒಂದು ಕೊಳವೆಯ ರಿಪೇರಿ ಹತ್ತಾರು ಕೊಳವೆಗಳ ರಿಪೇರಿಯಾಗಿ ಬೆಳೆದದ್ದನ್ನು ನಾನು ಕಂಡಿದ್ದೇನೆ.

ಕೊಳವೆ ಸವೆಯಲು ಬೂದಿ ಬಹು ದೊಡ್ಡ ಕಾರಣ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಶಾಖೋತ್ಪನ್ನ ಕೇಂದ್ರಗಳಿಗೆ ಬರುವ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇಕಡಾ 30ರಿಂದ 45ರವರೆಗೆ ಬೂದಿ ಇರುತ್ತದೆ. ಪೂರ್ಣ ಲೋಡಿನಲ್ಲಿ, ಅಂದರೆ ಪೂರ್ತಿ ಸಾಮರ್ಥ್ಯದಲ್ಲಿ, ಓಡುವ 210 ಮೆಗಾವಾಟ್‌ನ ಒಂದು ಘಟಕ ದಿನಕ್ಕೆ ಸುಮಾರು 3,500 ಟನ್ ಕಲ್ಲಿದ್ದಲು ಉರಿಸುತ್ತದೆ ಎಂದುಕೊಂಡರೆ, 1,000 ಟನ್ನಿಗಿಂತ ಹೆಚ್ಚು ಬೂದಿ ಹುಟ್ಟುತ್ತದೆ. ಅದರ ಬಹುಪಾಲು ಹೊಗೆಯ ಜೊತೆಯಲ್ಲೇ ಹಾರುತ್ತ, ಕೊಳವೆಗಳ ಸಾಲುಗಳ ನಡುವೆ ನುಗ್ಗಿ ಹೋಗುತ್ತದೆ. ಈ ಬೂದಿಯಲ್ಲಿ ಗಟ್ಟಿಯಾದ ಸ್ಫಟಿಕ ಕಣಗಳಿರುವುದರಿಂದ ಅದು ಉಕ್ಕನ್ನೂ ಉಜ್ಜಿ ತೆಗೆಯುತ್ತದೆ. ಹೊಗೆಯ ವೇಗ ಹೆಚ್ಚಿದಂತೆ ಸವೆತ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ವೇಗ ಇಮ್ಮಡಿಯಾದರೆ ಸವೆತ ಎಂಟು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಒಂದು ಕೇಂದ್ರದಲ್ಲಿ ಎಕಾನಮೈಸರ್‌ನ (ಬಾಯ್ಲರಿಗೆ ಹೋಗುವ ನೀರನ್ನು ಹೊಗೆಯ ಶಾಖದಿಂದ ಬಿಸಿಮಾಡುವ ಕೊಳವೆಗಳ ಭಾಗ) ಒಂದೇ ಮೂಲೆಯಲ್ಲಿ ಪದೇ ಪದೇ ಸೋರಿಕೆಯಾಗುತ್ತಿತ್ತು. ಉಕ್ಕಿನ ಗುಣಮಟ್ಟವೇ ಸರಿಯಿಲ್ಲವೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಒಳಹೊಕ್ಕು ನೋಡಿದರೆ ಹೊಗೆಯನ್ನು ಸಮನಾಗಿ ಹಂಚುವ ತಗಡೊಂದು ಕಳಚಿ ಬಿದ್ದು, ಬೂದಿ ತುಂಬಿದ ಹೊಗೆಯೆಲ್ಲ ಆ ಮೂಲೆಯ ಕಿರಿದಾದ ಸಂದಿನಲ್ಲಿ ನುಗ್ಗುತ್ತಿತ್ತು. ತಗಡನ್ನು ಸರಿಪಡಿಸಿದ ಮೇಲೆ ಆ ಮೂಲೆಯ ತೊಂದರೆ ನಿಂತಿತು.

ಉಡುಪಿಯ ಹೋಲಿಕೆ ಇಲ್ಲಿ ಬರುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನ ಕೇಂದ್ರದಲ್ಲಿ 600 ಮೆಗಾವಾಟ್‌ನ ಎರಡು ಘಟಕಗಳಿವೆ, ಯಂತ್ರಗಳು ಚೀನಾದ ಡಾಂಗ್‌ಫಾಂಗ್ ಕಂಪನಿಯವು ಎಂಬುದು ಸರಿ. ಆದರೆ ಆ ಕೇಂದ್ರವನ್ನು ಕಟ್ಟಿದ್ದೇ ಸಮುದ್ರದ ಮೂಲಕ ತರಿಸುವ ಕಲ್ಲಿದ್ದಲಿಗಾಗಿ. ಇಂಡೊನೇಷ್ಯಾದಂಥ ಕಡೆಗಳಿಂದ ಬರುವ ಕಲ್ಲಿದ್ದಲಿನಲ್ಲಿ ಬೂದಿ ಸಾಮಾನ್ಯವಾಗಿ ಶೇಕಡಾ 10ರ ಒಳಗೇ ಇರುತ್ತದೆ. ವಯಸ್ಸಿನಲ್ಲಿಯೂ ಅದು ಶಕ್ತಿನಗರದ ಮೊದಲ ಘಟಕಗಳಿಗಿಂತ ಕಾಲು ಶತಮಾನ ಚಿಕ್ಕದು. ಉರಿಸುವ ಕಲ್ಲಿದ್ದಲೂ ಬೇರೆ, ವಯಸ್ಸೂ ಬೇರೆ ಆಗಿರುವಾಗ ಎರಡನ್ನೂ ಅಕ್ಕಪಕ್ಕ ಇಟ್ಟು ‘ಯಾರ ಯಂತ್ರ ಚೆನ್ನ’ ಎಂದು ತೀರ್ಮಾನಿಸಲು ಬರುವುದಿಲ್ಲ. ಹೆಚ್ಚು ಬೂದಿಯ ಕಲ್ಲಿದ್ದಲಿಗೆಂದು ಬಾಯ್ಲರನ್ನು ವಿಶಾಲವಾಗಿ ಕಟ್ಟಿ ಹೊಗೆಯ ವೇಗ ತಗ್ಗಿಸುವ ವಿದ್ಯೆಯನ್ನು ಬಿಎಚ್‌ಇಎಲ್ ಈ ದೇಶದ ಕಲ್ಲಿದ್ದಲನ್ನು ಉರಿಸುತ್ತಲೇ ಕಲಿತದ್ದು. ಆ ಅನುಭವದ ಒಂದು ತುಣುಕು ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಮೀಪ 1932ರಲ್ಲಿ ಮೈಸೂರು ಸರ್ಕಾರ ಆರಂಭಿಸಿದ ಪಿಂಗಾಣಿ ಕಾರ್ಖಾನೆ ಮುಂದೆ, 1976ರಲ್ಲಿ, ಬಿಎಚ್‌ಇಎಲ್‌ಗೆ ಸೇರಿತು. ವಿದ್ಯುತ್ ಕಂಬಗಳ ಪಿಂಗಾಣಿ ಇನ್ಸುಲೇಟರ್‌ಗಳ ಜೊತೆಗೆ, ಪುಡಿ ಕಲ್ಲಿದ್ದಲು ಸಾಗುವ ಕೊಳವೆಗಳ ಬಾಗುಗಳಿಗೆ ಒಳಗಿನಿಂದ ಹಚ್ಚುವ ಸವೆತ ತಡೆಯುವ ಸೆರಾಮಿಕ್ ಹಲಗೆಗಳನ್ನೂ ಅಲ್ಲಿ ಮಾಡಿದರು. ಆ ಹಲಗೆ ಇಲ್ಲದ ಬಾಗು ಎಷ್ಟು ಬೇಗ ತೂತಾಗುತ್ತದೆ ಎಂಬುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು.

ಹಾಗೆಂದು ಕಂಪನಿಯ ಮೇಲಿನ ದೂರುಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಹನ್ನೊಂದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂದರೆ 2007ರಿಂದ 2012ರವರೆಗೆ, ದೇಶದಲ್ಲಿ ಬೇಡಿಕೆ ಒಮ್ಮೆಲೇ ಏರಿದಾಗ ಬಿಎಚ್‌ಇಎಲ್‌ಗೆ ಯಂತ್ರಗಳನ್ನು ಹೇಳಿದ ಸಮಯಕ್ಕೆ ಕೊಡಲಾಗದೆ ಯೋಜನೆಗಳು ತಡವಾದವು. ಖಾಸಗಿ ಕಂಪನಿಗಳು ಚೀನಾದ ಕಡೆ ತಿರುಗಿದ್ದಕ್ಕೆ ಬೆಲೆಯ ಜೊತೆಗೆ ಇದೂ ಕಾರಣ. ಕಂಪನಿ ತನ್ನ ತಯಾರಿಕಾ ಸಾಮರ್ಥ್ಯವನ್ನು ವರ್ಷಕ್ಕೆ 10,000 ಮೆಗಾವಾಟ್‌ನಿಂದ 20,000ಕ್ಕೆ ಏರಿಸಿ ಮುಗಿಸುವ ಹೊತ್ತಿಗೆ ಹೊಸ ಆರ್ಡರುಗಳು ಬತ್ತತೊಡಗಿದ್ದವು. 2015-16ರಲ್ಲಿ ಅದು ನಷ್ಟ ತೋರಿಸಬೇಕಾಯಿತು. ಬಿಡಿಭಾಗಗಳು ತಡವಾಗಿ ಬರುತ್ತವೆ, ಮೂಲ ತಯಾರಕರೆಂಬ ಕಾರಣಕ್ಕೆ ಬೆಲೆ ಜಾಸ್ತಿ ಎಂಬುದು ಯಂತ್ರ ತಯಾರಿಸುವ ಯಾವುದೇ ದೊಡ್ಡ ಕಂಪನಿಯ ಬಗ್ಗೆ ಕೇಂದ್ರಗಳ ಎಂಜಿನಿಯರುಗಳು ಆಡುವ ಮಾತು. ಅದರಲ್ಲಿ ನಿಜಾಂಶವಿದೆ. ಹೊಸ ದೊಡ್ಡ ಘಟಕಗಳು ಹದಕ್ಕೆ ಬರಲು ಮೊದಲ ಕೆಲವು ವರ್ಷ ತೊಂದರೆ ಕೊಡುವುದೂ ಉಂಟು. ಈ ದೂರುಗಳು ಪೂರೈಕೆಗೆ ಮತ್ತು ಸೇವೆಗೆ ಸೇರಿದವು. ನಲವತ್ತು ವರ್ಷ ಓಡಿದ ಯಂತ್ರವನ್ನು ಕಳಪೆ ಎನ್ನಲು ಅವು ಆಧಾರವಾಗುವುದಿಲ್ಲ. ಸಾಮಾನ್ಯವಾಗಿ ಇಂಥ ಘಟಕಗಳನ್ನು 25 ವರ್ಷದ ಬಾಳಿಕೆಗೆಂದು ಲೆಕ್ಕ ಹಾಕುತ್ತಾರೆ.

ಕಳೆದ ಹತ್ತು ವರ್ಷಗಳಲ್ಲಿ ಇನ್ನೊಂದು ಕಾರಣ ಸೇರಿಕೊಂಡಿದೆ, ಅದರ ಚರ್ಚೆ ಜನರ ನಡುವೆ ಸಾಲದು. ಪಾವಗಡದ ಸೌರ ಪಾರ್ಕ್ ಒಂದೇ 2,050 ಮೆಗಾವಾಟ್‌ನದು. ಮಧ್ಯಾಹ್ನ ಸೌರ ವಿದ್ಯುತ್ ಏರಿದಾಗ ಕಲ್ಲಿದ್ದಲು ಘಟಕಗಳು ತಗ್ಗಬೇಕು, ಸೂರ್ಯ ಮುಳುಗುತ್ತಿದ್ದಂತೆ ಬೆಂಗಳೂರಿನ ಮನೆಗಳಲ್ಲಿ ದೀಪ, ಫ್ಯಾನು, ಹವಾನಿಯಂತ್ರಕಗಳು ಹೊತ್ತಿಕೊಳ್ಳುವಾಗ ಅವು ತ್ವರಿತವಾಗಿ ಏರಬೇಕು. ಕಲ್ಲಿದ್ದಲು ಘಟಕಗಳು ಶೇಕಡಾ 55ರಷ್ಟು ಲೋಡಿಗೆ, ಮುಂದೆ ಹಂತ ಹಂತವಾಗಿ ಶೇಕಡಾ 40ಕ್ಕೆ ಇಳಿಯಲು ಸಜ್ಜಾಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ನಿಯಮ ಮಾಡಿದೆ. ಆದರೆ ಹಳೆಯ ಘಟಕಗಳನ್ನು ವಿನ್ಯಾಸ ಮಾಡಿದ್ದು ಹಗಲೂ ರಾತ್ರಿ ಒಂದೇ ಸಮನೆ ಓಡಲೆಂದು. ಹೆದ್ದಾರಿಗೆಂದು ಮಾಡಿದ ಲಾರಿಯನ್ನು ದಿನವೂ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ವಾಹನ ದಟ್ಟಣೆಯಲ್ಲಿ ನಿಲ್ಲಿಸಿ ಓಡಿಸಿದರೆ ಕ್ಲಚ್ಚು, ಬ್ರೇಕು ಏನಾಗುತ್ತವೆಯೋ ಇಲ್ಲಿಯೂ ಅದೇ ಆಗುತ್ತದೆ. ಲೋಡು ಏರಿಳಿದಾಗಲೆಲ್ಲ ಹಲವು ಕೊಳವೆಗಳು ಬಂದು ಸೇರುವ ದಪ್ಪ ಗೋಡೆಯ ಹೆಡರುಗಳ ಒಳಮೈ ಮತ್ತು ಹೊರಮೈ ಬೇರೆ ಬೇರೆ ವೇಗದಲ್ಲಿ ಬಿಸಿಯಾಗಿ ತಣಿಯುತ್ತವೆ; ಆ ಎಳೆದಾಟ ಸಾವಿರಾರು ಸಲ ನಡೆದಾಗ ಬೆಸುಗೆಗಳಲ್ಲಿ ಬಿರುಕು ಹುಟ್ಟುತ್ತದೆ. ಹೆಚ್ಚಿನ ಉಷ್ಣತೆಯಲ್ಲಿ ವರ್ಷಗಟ್ಟಲೆ ಇದ್ದ ಉಕ್ಕು ಮೊದಲೇ ನಿಧಾನವಾಗಿ ಹಿಗ್ಗಿ ಬಲ ಕಳೆದುಕೊಂಡಿರುವುದರಿಂದ ಈ ಎರಡೂ ಸೇರಿ ಬಾಳಿಕೆಯನ್ನು ತಿನ್ನುತ್ತವೆ. ಸೌರ ವಿದ್ಯುತ್ ಬೇಕೇ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರ ಏರಿಳಿತದ ಭಾರವನ್ನು ಹಳೆಯ ಬಾಯ್ಲರುಗಳು ಹೊರುತ್ತಿವೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳೆಯ ಘಟಕಗಳನ್ನು ಏನು ಮಾಡಬೇಕೆಂಬ ನಿಮ್ಮ ಪ್ರಶ್ನೆಗೆ ಇರುವ ದಾರಿಗಳು ಇವು. ಇದ್ದಂತೆಯೇ ಓಡಿಸುತ್ತ, ಕೆಟ್ಟಾಗ ತೇಪೆ ಹಾಕುವುದು ಸುಲಭವಾದ ದಾರಿ. ಅದರಲ್ಲಿ ಆ ವರ್ಷದ ಖರ್ಚು ಕಡಿಮೆ. ಆದರೆ ಘಟಕ ಕೈಕೊಡುವುದು ಸಾಮಾನ್ಯವಾಗಿ ಅದನ್ನು ಅತಿ ಹೆಚ್ಚು ಓಡಿಸುವ ಮಾರ್ಚ್‌ನಿಂದ ಮೇ ವರೆಗಿನ ತಿಂಗಳುಗಳಲ್ಲೇ, ಆಗ ಹೊರಗಿನಿಂದ ಕೊಳ್ಳುವ ವಿದ್ಯುತ್ತಿನ ಬೆಲೆ ಉಳಿತಾಯವನ್ನೆಲ್ಲ ನುಂಗುತ್ತದೆ.

ಎರಡನೆಯದು ನವೀಕರಣ ಮತ್ತು ಆಯುಷ್ಯ ವಿಸ್ತರಣೆ. ಟರ್ಬೈನ್ ಬ್ಲೇಡುಗಳು, ಬಾಯ್ಲರಿನ ಸವೆದ ಕೊಳವೆಗಳು, ಮಿಲ್ಲುಗಳು, ನಿಯಂತ್ರಣ ವ್ಯವಸ್ಥೆ ಇವನ್ನೆಲ್ಲ ಬದಲಿಸಿ ಇನ್ನೂ ಹಲವು ವರ್ಷ ಓಡಿಸುವುದು ಇದರ ಉದ್ದೇಶ. ಇದಕ್ಕೆ ಮೊದಲು ಉಳಿದ ಆಯುಷ್ಯದ ಪರೀಕ್ಷೆ ಆಗಲೇಬೇಕು. ಉಕ್ಕಿನ ಮೇಲ್ಮೈಯ ಪಡಿಯಚ್ಚು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಗಡಸುತನ ಅಳೆಯುವುದು, ಅಲ್ಟ್ರಾಸೌಂಡಿನಿಂದ ಕೊಳವೆಯ ದಪ್ಪ ಮತ್ತು ಬಿರುಕು ಹುಡುಕುವುದು ಅದರ ಕ್ರಮ. 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇಂಥ ಪರೀಕ್ಷೆಗಳಿಗೆ ಹೆಸರಾದದ್ದು. ಅಪಾಯಗಳೂ ಇವೆ. ಟರ್ಬೈನ್ ತೆರೆದ ಮೇಲೆ ಎಣಿಸಿರದ ಹಾನಿ ಕಾಣಿಸಿಕೊಂಡರೆ ಖರ್ಚೂ ಸಮಯವೂ ಹಿಗ್ಗುತ್ತವೆ, ತಿಂಗಳುಗಟ್ಟಲೆ ಘಟಕ ನಿಲ್ಲುತ್ತದೆ. ಮೂಲ ತಯಾರಕರನ್ನು ಬಿಟ್ಟು ಕಡಿಮೆ ಬೆಲೆಗೆ ಅಳತೆ ತೆಗೆದು ಮಾಡಿಸಿದ ಬಿಡಿಭಾಗ ಹಾಕಿದರೆ, ನಿಮಿಷಕ್ಕೆ 3,000 ಸುತ್ತು ತಿರುಗುವ ಯಂತ್ರದಲ್ಲಿ ಅದರ ಪರಿಣಾಮ ಊಹಿಸುವಂಥದ್ದಲ್ಲ. ಅಳತೆ ನಕಲು ಮಾಡಬಹುದು, ಲೋಹದ ಹದವನ್ನು ನಕಲು ಮಾಡುವುದು ಕಷ್ಟ. ಸಣ್ಣ ಪಂಪು, ವಾಲ್ವುಗಳಿಗೆ ಈ ಕಟ್ಟುನಿಟ್ಟು ಬೇಕಿಲ್ಲ, ಟರ್ಬೈನಿಗೆ ಬೇಕು.

ಮೂರನೆಯದು, ಹಳೆಯ ಚಿಕ್ಕ ಘಟಕಗಳನ್ನು ಕಳಚಿ ಅದೇ ಜಾಗ, ಅದೇ ನೀರು, ಅದೇ ರೈಲು ಹಳಿ ಬಳಸಿ ಇನ್ನೂ ಹೆಚ್ಚಿನ ಒತ್ತಡದ ಹಬೆಯಿಂದ ಓಡುವ ದೊಡ್ಡ ‘ಸೂಪರ್‌ಕ್ರಿಟಿಕಲ್’ ಘಟಕ ಕಟ್ಟುವುದು. 210 ಮೆಗಾವಾಟ್ ಘಟಕದ ದಕ್ಷತೆ ಶೇಕಡಾ 35ರ ಹತ್ತಿರವಾದರೆ ಸೂಪರ್‌ಕ್ರಿಟಿಕಲ್‌ನದು 40ರ ಆಸುಪಾಸು, ಹಾಗಾಗಿ ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲೂ ಬೂದಿಯೂ ಕಡಿಮೆ. ರಾಯಚೂರಿನ ಸಮೀಪದ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು, ಬಳ್ಳಾರಿಯ ಕುಡತಿನಿಯಲ್ಲಿ 700 ಮೆಗಾವಾಟ್‌ನ ಒಂದು ಇಂಥ ಘಟಕವನ್ನು ಬಿಎಚ್‌ಇಎಲ್ ಕಟ್ಟಿದೆ. ಯರಮರಸ್ ಕೇಂದ್ರದಲ್ಲಿ ಅದು ಕರ್ನಾಟಕ ವಿದ್ಯುತ್ ನಿಗಮದ ಪಾಲುದಾರ ಕೂಡ. ಆದರೆ ಕಟ್ಟಲು ವರ್ಷಗಳು ಬೇಕು, ಕಲ್ಲಿದ್ದಲಿನ ಖಚಿತ ಪೂರೈಕೆ ಬೇಕು. ಇಂದು ಕಟ್ಟಿದ್ದು ಮುಂದಿನ 25 ವರ್ಷ ಹಗಲೆಲ್ಲ ಅರ್ಧ ಲೋಡಿನಲ್ಲೇ ಓಡಿದರೆ ಹಾಕಿದ ಹಣ ಹುಟ್ಟುವುದೇ ಎಂಬುದು ನಿಜವಾದ ಪ್ರಶ್ನೆ. ಕರ್ನಾಟಕದಂಥ ಸೌರ, ಪವನ ವಿದ್ಯುತ್ತಿನ ರಾಜ್ಯದಲ್ಲಿ ಈ ದಾರಿಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ.

ನೀವು ಕೇಳಿದ್ದು ನಾಲ್ಕನೆಯದು: ಮುಚ್ಚಿ, ಸೋಲಾರ್ ಹಾಕುವುದು. ಸೋಲಾರ್ ಮಾತ್ರ ಹಾಕಿದರೆ ಸಂಜೆ ಏಳು ಗಂಟೆಯ ಬೇಡಿಕೆಗೆ ಉತ್ತರವಿಲ್ಲ. ಹಗಲಿನದನ್ನು ಕೂಡಿಟ್ಟು ಸಂಜೆ ಕೊಡಲು ಬ್ಯಾಟರಿ ಅಥವಾ ನೀರನ್ನು ಮೇಲೆತ್ತಿ ಮತ್ತೆ ಇಳಿಸುವ ಪಂಪ್ಡ್ ಸ್ಟೋರೇಜ್ ಬೇಕು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಅಂಥ ಯೋಜನೆಯ ಪ್ರಸ್ತಾಪವಿದೆ, ಅದು ಸಿಂಗಳೀಕ ಅಭಯಾರಣ್ಯದ ಒಳಗೆ ಬರುವುದರಿಂದ ತೀವ್ರ ವಿರೋಧವೂ ಇದೆ. ಆ ವಿರೋಧವನ್ನು ಹಗುರವಾಗಿ ಕಾಣಬಾರದು. ಕೂಡಿಡುವ ವ್ಯವಸ್ಥೆ ನೆಲದ ಮೇಲೆ ಸಿದ್ಧವಾಗಿ ನಿಲ್ಲುವ ಮೊದಲೇ ಹಳೆಯ ಘಟಕ ಮುಚ್ಚಿದರೆ ಬೇಸಿಗೆಯ ಸಂಜೆಗಳಲ್ಲಿ ರೈತರ ಪಂಪ್‌ಸೆಟ್ಟಿಗೂ ನಗರದ ಮನೆಗೂ ಒಟ್ಟಿಗೆ ಕತ್ತಲೆ.

ನನ್ನ ಅಭಿಪ್ರಾಯ ಕೇಳಿದರೆ, ಶಕ್ತಿನಗರದ ಎಂಟು ಘಟಕಗಳಿಗೂ ಒಂದೇ ತೀರ್ಪು ಕೊಡಬಾರದು. ಆಯುಷ್ಯ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಲ್ಲುವ, 1999ರ ನಂತರದ ಘಟಕಗಳಿಗೆ ನವೀಕರಣದ ಹಣವನ್ನು ಮೊದಲು ಹಾಕಿ, ಅವನ್ನು ಏರಿಳಿತಕ್ಕೆ ಹೊಂದಿಕೊಳ್ಳುವಂತೆ ಸಿದ್ಧಪಡಿಸಬೇಕು. ಮೊದಲೆರಡನ್ನು ಬೇಸಿಗೆಯ ಕೆಲವು ತಿಂಗಳಿಗೆ ಮೀಸಲಾಗಿ ಇಟ್ಟುಕೊಂಡು, ಕೂಡಿಡುವ ವ್ಯವಸ್ಥೆ ಬಂದಂತೆ ನಿವೃತ್ತಿಗೊಳಿಸುವುದು ವಿವೇಕ. ಇದರಲ್ಲಿಯೂ ಅಪಾಯವಿದೆ, ವರ್ಷದ ಬಹುಭಾಗ ಸುಮ್ಮನಿರುವ ಬಾಯ್ಲರಿನ ಒಳಗೆ ತೇವ ಉಳಿದರೆ ತುಕ್ಕು ಹಿಡಿಯುತ್ತದೆ, ಅದನ್ನು ಕಾಪಾಡಲು ಪ್ರತ್ಯೇಕ ಶಿಸ್ತು ಮತ್ತು ಸಿಬ್ಬಂದಿ ಬೇಕು. ಯಾವ ದಾರಿ ಹಿಡಿದರೂ ಬೇಸಿಗೆಗೆ ಮುಂಚಿನ ಓವರ್‌ಹಾಲ್ ಅನ್ನು ಮುಂದೂಡದಿರುವುದು ಅತ್ಯಂತ ಅಗ್ಗದ ಉಪಾಯ. ಅದನ್ನು ಮುಂದೂಡಿದ ವರ್ಷಗಳ ಸೋರಿಕೆಗಳಿಗೆ ಯಂತ್ರ ತಯಾರಿಸಿದವರನ್ನು ದೂರುವುದು ನ್ಯಾಯವಲ್ಲ.

ಕೊನೆಯ ಪ್ರಶ್ನೆ, ನಿಜವಾದ ಕಾರಣ ತಿಳಿಯುವುದು ಹೇಗೆ ಎಂಬುದು. ಕೇಂದ್ರ ವಿದ್ಯುತ್ ಪ್ರಾಧಿಕಾರ ದಿನವೂ ಪ್ರಕಟಿಸುವ ವರದಿಗಳಲ್ಲಿ ದೇಶದ ಕೇಂದ್ರಗಳ ಪ್ರತಿ ಘಟಕ ಯಾವಾಗ, ಏಕೆ ನಿಂತಿತು ಎಂಬ ವಿವರ ಇರುತ್ತದೆ. ಯಾರು ಬೇಕಾದರೂ ನೋಡಬಹುದು. ಅಲ್ಲಿ ‘ವಾಟರ್ ವಾಲ್ ಟ್ಯೂಬ್ ಲೀಕೇಜ್’ (ಕುಲುಮೆಯ ಗೋಡೆಯ ಕೊಳವೆಗಳ ಸೋರಿಕೆ) ಅಥವಾ ‘ಎಕಾನಮೈಸರ್ ಟ್ಯೂಬ್ ಲೀಕೇಜ್’ ಎಂದಿದ್ದರೆ ನಾನು ಮೇಲೆ ವಿವರಿಸಿದ ಸವೆತವನ್ನೂ, ಕೊಳವೆಯನ್ನು ಒಳಗಿನಿಂದ ಕೆಡಿಸುವ ನೀರಿನ ಅಶುದ್ಧತೆಯನ್ನೂ ಅನುಮಾನಿಸಿ. ‘ರಿಸರ್ವ್ ಶಟ್‌ಡೌನ್’ ಎಂದರೆ ಯಂತ್ರ ಸರಿಯಾಗಿದೆ, ಬೇಡಿಕೆ ಇಲ್ಲ. ‘ಆನ್ಯುಯಲ್ ಮೆಂಟೆನೆನ್ಸ್’ ಎಂದರೆ ಯೋಜಿತ ಕೆಲಸ. ಒಂದೇ ಘಟಕದ ಮುಂದೆ, ಒಂದೇ ಭಾಗದ ಸೋರಿಕೆ ವರ್ಷದೊಳಗೆ ಮೂರು ನಾಲ್ಕು ಸಲ ಕಾಣಿಸಿದರೆ, ಆ ಘಟಕದ ಹಿಂದಿನ ಓವರ್‌ಹಾಲ್ ಎಂದು ನಡೆಯಿತು, ಆ ಭಾಗದ ಕೊಳವೆಗಳ ದಪ್ಪವನ್ನು ಆಗ ಅಳೆದಿದ್ದರೇ ಎಂದು ಮಾಹಿತಿ ಹಕ್ಕಿನ ಅರ್ಜಿಯಲ್ಲಿ, ಶಕ್ತಿನಗರದ ಕೇಂದ್ರವನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮವನ್ನು ಕೇಳಬಹುದು.